ಬಾವಿಯಿಂದ ಗಾಡಿಗೆ ಬಂದ ಎಂಜಿನ್ನಿಗೆ ತಂಪು ವ್ಯವಸ್ಥೆ

(ರೈತರಿಗೂ ಗ್ರಾಮೀಣ ಮೆಕ್ಯಾನಿಕ್ಕುಗಳಿಗೂ ನಡೆದ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ತೆರೆದ ಬಾವಿಗಳು ಬತ್ತಿ ಬಹಳ ಕಾಲವಾಯಿತು. ನೀರು ಕೊಳವೆ ಬಾವಿಯ ಆಳಕ್ಕೆ ಇಳಿಯಿತು, ಅದನ್ನೆತ್ತುವ ಕೆಲಸವನ್ನು ವಿದ್ಯುತ್ ಮೋಟಾರು ವಹಿಸಿಕೊಂಡಿತು. ಬಾವಿಯ ಕಟ್ಟೆಯ ಮೇಲೆ ವರ್ಷಗಟ್ಟಲೆ ದುಡಿದ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ನುಗಳು ಕೊಟ್ಟಿಗೆಯ ಮೂಲೆಗೆ ಸೇರಿದವು. ನಮ್ಮ ರೈತರು ಇವುಗಳನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಆಂಗಲ್ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಹಳೆಯ ಜೀಪಿನದೋ ಆಟೋರಿಕ್ಷಾದ್ದೋ ಗೇರ್ ಪೆಟ್ಟಿಗೆ, ಅಚ್ಚು, ಚಕ್ರಗಳನ್ನು ಸೇರಿಸಿ ತಾವೇ ಗಾಡಿ ಕಟ್ಟುತ್ತಿದ್ದಾರೆ. ದ್ರಾಕ್ಷಿ ತೋಟದ ಸಾಲುಗಳಲ್ಲಿ ಔಷಧಿ ಸಿಂಪಡಿಸಲು, ಗೊಬ್ಬರ ಹೊರಲು, ಮೇವು ಕತ್ತರಿಸುವ ಯಂತ್ರವನ್ನು ಹೊಲದ ಬದಿಗೆ ಒಯ್ಯಲು ಇವು ಉಪಯೋಗವಾಗುತ್ತಿವೆ. ಇದನ್ನು ಪಟ್ಟಣದವರು ನೋಡಿ ನಗಬಹುದು. ನನಗೆ ನಗುವಂಥದ್ದೇನೂ ಕಾಣುವುದಿಲ್ಲ.

ಆದರೆ ಈ ಗಾಡಿಗಳ ವಿಷಯದಲ್ಲಿ ಎಲ್ಲ ಕಡೆಯೂ ಕೇಳಿಬರುವ ದೂರು ಒಂದೇ. “ಬಾವಿಯ ಮೇಲೆ ರಾತ್ರಿ ಹಗಲು ಓಡಿದ ಎಂಜಿನ್ ಸಾರ್, ಗಾಡಿಗೆ ಹಾಕಿದ ಮೇಲೆ ಅರ್ಧ ಗಂಟೆಗೆ ಕುದಿಯುತ್ತದೆ.” ದ್ರಾಕ್ಷಿ ಬೆಳೆಗಾರನಿಗೆ ಇದು ಸಣ್ಣ ತೊಂದರೆಯಲ್ಲ. ಚಾಟನಿ ಮಾಡಿದ ಮೇಲೆ ಚಿಗುರು ಬಂದು, ಮೋಡ ಕವಿದು ಜಿನುಗು ಮಳೆ ಹಿಡಿದರೆ ಬೂಜು ತುಪ್ಪಟ ರೋಗ ಬರುವುದಕ್ಕೆ ಎರಡು ಮೂರು ದಿನ ಸಾಕು. ಮಳೆ ಬಿಡುವು ಕೊಟ್ಟ ಒಂದು ಹೊತ್ತಿನಲ್ಲಿ ಸಿಂಪರಣೆ ಮುಗಿಯಬೇಕು. ಆ ಹೊತ್ತಿನಲ್ಲಿ ಎಂಜಿನ್ ಸಾಲಿನ ಮಧ್ಯೆ ಹಬೆ ಬಿಟ್ಟು ನಿಂತರೆ ಹೋಗುವುದು ಎಂಜಿನ್ನಿನ ಗ್ಯಾಸ್ಕೆಟ್ ಮಾತ್ರವಲ್ಲ, ಆ ಫಸಲು. ಆದ್ದರಿಂದ ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯನ್ನು ವರ್ಕ್‌ಶಾಪಿನಲ್ಲೇ ಹೇಗೆ ಸಿದ್ಧಪಡಿಸಿ ಕೂರಿಸಬಹುದೆಂಬುದನ್ನು ಈ ದಿನ ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ.

ಬಾವಿಯ ಮೇಲೆ ಏಕೆ ಕಾಯುತ್ತಿರಲಿಲ್ಲ?

ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಿರ್ಲೋಸ್ಕರ್ ಎ.ವಿ.-1 ಮಾದರಿಯಂಥ ನಿಲುವು ಎಂಜಿನ್ನುಗಳನ್ನು ನೋಡಿ. ಒಂದೇ ಸಿಲಿಂಡರು, ನಿಮಿಷಕ್ಕೆ 1,500 ಸುತ್ತು, 5 ಅಶ್ವಶಕ್ತಿ. ಪಂಪ್‌ಸೆಟ್ಟಿನಲ್ಲಿ ಇದಕ್ಕೆ ರೇಡಿಯೇಟರ್ ಇರಲಿಲ್ಲ, ಫ್ಯಾನು ಇರಲಿಲ್ಲ, ತನ್ನದೇ ಆದ ನೀರಿನ ಪಂಪೂ ಇರಲಿಲ್ಲ. ಬಾವಿಯಿಂದ ಮೇಲೆ ಬರುವ ನೀರಿನಲ್ಲಿ ಒಂದು ಸಣ್ಣ ಪಾಲು ಕೊಳವೆಯ ಮೂಲಕ ಸಿಲಿಂಡರಿನ ಸುತ್ತ ಹಾದು, ಬೆಚ್ಚಗಾಗಿ, ಕಾಲುವೆಗೆ ಬೀಳುತ್ತಿತ್ತು. ಅಂದರೆ ಎಂಜಿನ್ನನ್ನು ತಂಪು ಮಾಡುತ್ತಿದ್ದುದು ಬಾವಿಯೇ. ಗಾಡಿಗೆ ಎಂಜಿನ್ ಮಾತ್ರ ಬಂತು, ಬಾವಿ ಬರಲಿಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಅಷ್ಟೇ ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಸಿಲಿಂಡರಿನ ಗೋಡೆಯನ್ನು ದಾಟಿ ನೀರಿಗೆ ಬರುತ್ತದೆ. 5 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಓಡುವಾಗ ನೀರಿಗೆ ಬರುವ ಈ ಶಾಖ ಸುಮಾರು 3 ಕಿಲೋವ್ಯಾಟ್, ಅಂದರೆ ಸ್ನಾನದ ಮನೆಯ ದೊಡ್ಡ ಗೀಸರೊಂದು ಬಿಡುವಿಲ್ಲದೆ ಉರಿದಷ್ಟು. ಬಾವಿಯ ತಣ್ಣನೆಯ ನೀರಿನಲ್ಲಿ ಇಷ್ಟು ಶಾಖವನ್ನು ಸಾಗಿಸಲು ನಿಮಿಷಕ್ಕೆ ಎರಡು ಮೂರು ಲೀಟರ್ ಸಾಕಾಗುತ್ತಿತ್ತು. ನೂರಾರು ಲೀಟರ್ ಎತ್ತುತ್ತಿದ್ದ ಪಂಪಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಆದ್ದರಿಂದ ನಮ್ಮ ಗಮನಕ್ಕೂ ಬರಲಿಲ್ಲ. ಈಗ ಈ 3 ಕಿಲೋವ್ಯಾಟ್ ಶಾಖವನ್ನು ಕೊನೆಗೆ ಗಾಳಿಗೇ ಒಪ್ಪಿಸಬೇಕು. ಗಾಳಿ ಬಹಳ ಬಡ ಹಮಾಲಿ. ನಮ್ಮ ಎತ್ತರದ ಸೀಮೆಯಲ್ಲಿ ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಸುಮಾರು 4,000 ಲೀಟರ್ ಗಾಳಿ ಬೇಕು. ಈ ಒಂದು ಮಾತನ್ನು ನೆನಪಿಟ್ಟರೆ ಮುಂದೆ ನಾನು ಹೇಳುವುದರಲ್ಲಿ ಅರ್ಧ ತಾನಾಗಿಯೇ ಅರ್ಥವಾಗುತ್ತದೆ.

ಡ್ರಮ್ಮೋ, ತೊಟ್ಟಿಯೋ, ರೇಡಿಯೇಟರೋ?

ಮೊದಲು ಎಲ್ಲರ ತಲೆಗೂ ಹೊಳೆಯುವುದು 200 ಲೀಟರಿನ ಡ್ರಮ್ಮು. ಡ್ರಮ್ಮಿನ ನೀರು 27 ಡಿಗ್ರಿಯಿಂದ 77 ಡಿಗ್ರಿಗೆ ಏರುವವರೆಗೆ ಪೂರ್ಣ ಹೊರೆಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಕಡೆ ನಿಲ್ಲಿಸಿ ಮೇವು ಕತ್ತರಿಸುವವರಿಗೆ ಇದು ಸಾಕು, ಖರ್ಚೂ ಇಲ್ಲ. ಆದರೆ ಸಾಲುಗಳಲ್ಲಿ ಓಡಾಡುವ ಗಾಡಿಗೆ 200 ಕಿಲೋ ದಂಡದ ಭಾರ ಹೊರಿಸುವುದು ಜಾಣತನವಲ್ಲ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಹೇಗೂ ಸಿಂಪರಣೆಯ ತೊಟ್ಟಿಯಲ್ಲಿ 200 ಲೀಟರ್ ದ್ರಾವಣ ಇದೆಯಲ್ಲ, ಅದನ್ನೇ ಎಂಜಿನ್ನಿನ ಮೂಲಕ ಹಾಯಿಸಿದರೆ?” ಎಂದು ಕೇಳುತ್ತಾರೆ. ಇದನ್ನು ಎಂದಿಗೂ ಮಾಡಕೂಡದು. ಬೋರ್ಡೋ ದ್ರಾವಣದ ಸುಣ್ಣ ಸಿಲಿಂಡರಿನ ಸುತ್ತ ಗಟ್ಟಿಯಾಗಿ ಕೂರುತ್ತದೆ. ಸರಿಯಾಗಿ ಸುಣ್ಣ ಬೆರೆಯದ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಬಿಸಿಯಾದ ಔಷಧಿ ಎಳೆಯ ಚಿಗುರಿಗೆ ಬೀಳುತ್ತದೆ. ಅದೂ ಅಲ್ಲದೆ ತೊಟ್ಟಿ ಖಾಲಿಯಾಗುತ್ತ ಬಂದಂತೆ, ಎಂಜಿನ್ ಹೆಚ್ಚು ಕಾದಿರುವ ಹೊತ್ತಿಗೆ, ತಂಪು ಮಾಡುವ ನೀರೇ ಉಳಿದಿರುವುದಿಲ್ಲ.

ಎಂಜಿನ್ನಿನ ತಲೆಯ ಮೇಲೆ ತೆರೆದ ತೊಟ್ಟಿಯಿರುವ ಹಾಪರ್ ವಿಧಾನ ಕೆಲವು ಅಡ್ಡ ಎಂಜಿನ್ನುಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಇಲ್ಲಿ ನೀರು ಕುದಿದು ಹಬೆಯಾಗಿ ಶಾಖವನ್ನು ಒಯ್ಯುತ್ತದೆ. ಸರಳವಾದದ್ದು, ಕೆಡುವ ಭಾಗವೇ ಇಲ್ಲ. ಆದರೆ 5 ಅಶ್ವಶಕ್ತಿಗೆ ಗಂಟೆಗೆ ನಾಲ್ಕೈದು ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ಕೊಳವೆ ಬಾವಿ ನೀರನ್ನು ದಿನಕ್ಕೆ 40 ಲೀಟರ್ ಹಾಕಿದರೆ 50 ದಿನಗಳಲ್ಲಿ ಒಂದು ಕಿಲೋ ಲವಣ ಎಂಜಿನ್ನಿನೊಳಗೆ ಸೇರಿದಂತಾಯಿತು. ಆದುದರಿಂದ ಓಡಾಡುವ ಗಾಡಿಗೆ, ಒಂದೇ ನೀರು ಮತ್ತೆ ಮತ್ತೆ ಸುತ್ತುವ ರೇಡಿಯೇಟರ್ ವ್ಯವಸ್ಥೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ರೇಡಿಯೇಟರ್ ಆರಿಸುವ ಬಗೆ

ರೇಡಿಯೇಟರಿನ ಕೊಳವೆ ರೆಕ್ಕೆಗಳ ಎದೆಭಾಗವನ್ನು ನಾವು ವರ್ಕ್‌ಶಾಪಿನಲ್ಲಿ ತಯಾರಿಸಲು ಹೋಗಬಾರದು. ಅದನ್ನು ಕೊಂಡು, ಮೇಲಿನ ಕೆಳಗಿನ ತೊಟ್ಟಿ, ಕೊಳವೆ, ಕವಚ, ಆಧಾರಗಳನ್ನು ಮಾತ್ರ ನಾವು ಮಾಡಿಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಸಿಗುತ್ತದೆ. 5ರಿಂದ 10 ಅಶ್ವಶಕ್ತಿಯವರೆಗಿನ ಎಂಜಿನ್ನಿಗೆ ಮಾರುತಿ 800ರಂಥ ಸಣ್ಣ ಕಾರಿನ ರೇಡಿಯೇಟರ್ ಧಾರಾಳವಾಗಿ ಸಾಕು. ಆ ಕಾರಿನ ಎಂಜಿನ್ ನಮ್ಮದಕ್ಕಿಂತ ಹಲವು ಪಟ್ಟು ದೊಡ್ಡದು.

ಹಳೆಯದನ್ನು ಕೊಳ್ಳುವಾಗ ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ನೀರು ತುಂಬಿ, ಕೈಯನ್ನು ಒಮ್ಮೆಲೇ ತೆಗೆಯಿರಿ. ನೀರು ದಪ್ಪಗೆ ಧುಮುಕಬೇಕು. ಸಣ್ಣಗೆ ಸುರಿದರೆ ಒಳಗಿನ ಕೊಳವೆಗಳು ಕಟ್ಟಿವೆ ಎಂದರ್ಥ. ಆಮೇಲೆ ಬಿಸಿನೀರು ತುಂಬಿ ಎದೆಯ ಮೇಲೆಲ್ಲ ಕೈ ಆಡಿಸಿ. ತಣ್ಣಗಿರುವ ಜಾಗವೆಲ್ಲ ಸತ್ತ ಜಾಗ.

ತಾಮ್ರ ಹಿತ್ತಾಳೆಯದೋ ಅಲ್ಯೂಮಿನಿಯಂದೋ ಎಂದು ನೀವು ಕೇಳಬಹುದು. ಈಗ ಬರುವ ಕಾರುಗಳಲ್ಲಿ ಅಲ್ಯೂಮಿನಿಯಂ ಎದೆ, ಪ್ಲಾಸ್ಟಿಕ್ ತೊಟ್ಟಿ ಇರುತ್ತವೆ. ಹಗುರ, ಅಗ್ಗ, ಶಾಖ ಬಿಡುವುದರಲ್ಲಿಯೂ ಕಡಮೆಯಿಲ್ಲ. ಆದರೆ ತೂತಾದರೆ ನಮ್ಮ ಹಳ್ಳಿಯಲ್ಲಿ ರಿಪೇರಿಯಾಗುವುದಿಲ್ಲ. ಮುಖ್ಯವಾಗಿ, ಮೈಲುತುತ್ತು ಸಿಂಪಡಿಸುವ ಗಾಡಿಗೆ ಅಲ್ಯೂಮಿನಿಯಂ ಹಾಕಿದರೆ, ಗಾಳಿಯಲ್ಲಿ ತೇಲಿಬಂದ ತಾಮ್ರದ ಅಂಶ ರೆಕ್ಕೆಗಳ ಮೇಲೆ ಕೂತು ಲೋಹವನ್ನು ಪುಡಿಪುಡಿಯಾಗಿ ತಿನ್ನುತ್ತದೆ. ಹೀಗಾಗಿ ದ್ರಾಕ್ಷಿ ತೋಟದ ಗಾಡಿಗೆ ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರನ್ನೇ ಹುಡುಕಿ ತನ್ನಿ ಎನ್ನುತ್ತೇನೆ. ಬೆಸುಗೆ ಕಾವಲಿಯಿದ್ದರೆ ಅದನ್ನು ನಮ್ಮವರೇ ಸರಿಪಡಿಸಬಲ್ಲರು.

ಬೆಸುಗೆ ಮುಗಿದ ಮೇಲೆ ಎರಡೂ ಬಾಯಿಗಳಿಗೆ ರಬ್ಬರ್ ಬಿರಟೆ ಬಿಗಿದು, ಒಂದರಲ್ಲಿ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಹಾಕಿ. ಗೇಜಿನಲ್ಲಿ ಚದರ ಸೆಂ.ಮೀ.ಗೆ ಅರ್ಧ ಕಿಲೋ ಒತ್ತಡ ಬಂದಾಗ ಗುಳ್ಳೆ ಏಳದಿದ್ದರೆ ಸರಿ. ಅದಕ್ಕಿಂತ ಹೆಚ್ಚು ಹಾಕಿ ಹಳೆಯ ಬೆಸುಗೆಯ ಶಕ್ತಿಪರೀಕ್ಷೆ ಮಾಡಲು ಹೋಗಬೇಡಿ.

ಗಾಳಿಯ ದಾರಿ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕುದಿಯುವ ಗಾಡಿಯನ್ನು ಕಂಡೊಡನೆ ನಮ್ಮವರು “ರೇಡಿಯೇಟರ್ ಚಿಕ್ಕದಾಯಿತು” ಎಂದು ತೀರ್ಮಾನಿಸಿ ಇನ್ನೂ ದೊಡ್ಡದನ್ನು ತರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ರೇಡಿಯೇಟರಿನದು ತಪ್ಪಿರುವುದಿಲ್ಲ, ಅದರೊಳಗೆ ಹಾಯುವ ಗಾಳಿ ಸಾಲದಿರುತ್ತದೆ. ನಮ್ಮ 5 ಅಶ್ವಶಕ್ತಿಯ ಎಂಜಿನ್ನಿಗೆ ನಿಮಿಷಕ್ಕೆ ಎಂಟರಿಂದ ಒಂಬತ್ತು ಸಾವಿರ ಲೀಟರ್ ಗಾಳಿ ರೇಡಿಯೇಟರಿನ ಎದೆಯ ಮೂಲಕವೇ ಹೋಗಬೇಕು. ಪಕ್ಕದಿಂದ ಹೋದ ಗಾಳಿ ಲೆಕ್ಕಕ್ಕಿಲ್ಲ. ಕಾರು ಗಂಟೆಗೆ 60 ಕಿಲೋಮೀಟರ್ ಓಡುವಾಗ ಎದುರುಗಾಳಿಯೇ ಅದಕ್ಕೆ ಸಹಾಯ ಮಾಡುತ್ತದೆ. ನಮ್ಮ ಗಾಡಿ ಚಪ್ಪರದ ಕೆಳಗೆ ಎತ್ತಿನ ನಡಿಗೆಯಲ್ಲಿ ಹೋಗುವಂಥದ್ದು. ಇಲ್ಲಿ ಫ್ಯಾನಿನ ಗಾಳಿ ಬಿಟ್ಟರೆ ಬೇರೆ ಗಾಳಿಯಿಲ್ಲ.

ಆದ್ದರಿಂದ ಫ್ಯಾನಿಗೂ ರೇಡಿಯೇಟರಿಗೂ ನಡುವೆ ತಗಡಿನ ಸುತ್ತುಕವಚ ಇರಲೇಬೇಕು. ಮೆಕ್ಯಾನಿಕ್ಕುಗಳು ಇದನ್ನು ಶ್ರೌಡ್ ಎನ್ನುತ್ತಾರೆ. ಗುಜರಿಯಿಂದ ಬರುವಾಗ ಇದು ಮುರಿದುಹೋಗಿರುತ್ತದೆ, ನಾವೂ ಅಲಂಕಾರದ ವಸ್ತುವೆಂದು ಬಿಟ್ಟುಬಿಡುತ್ತೇವೆ. 36 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಎದೆಯ ಮುಂದೆ 28 ಸೆಂ.ಮೀ. ವ್ಯಾಸದ ಫ್ಯಾನನ್ನು ಕವಚವಿಲ್ಲದೆ ನಿಲ್ಲಿಸಿದರೆ ಅದರ ಎದುರಿಗೆ ಬರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮಾತ್ರ. ನಾಲ್ಕು ಮೂಲೆಗಳು ಸುಮ್ಮನೆ ಕೂತಿರುತ್ತವೆ. ಸಾಲದ್ದಕ್ಕೆ, ಹೊರಹೋದ ಬಿಸಿಗಾಳಿಯನ್ನೇ ಫ್ಯಾನು ಅಂಚಿನಿಂದ ಮತ್ತೆ ಒಳಗೆಳೆದುಕೊಳ್ಳುತ್ತದೆ.

ಕವಚ ಮಾಡುವುದು ಕಷ್ಟವೇನಲ್ಲ. 22 ಗೇಜಿನ ತಗಡಿನಲ್ಲಿ ರೇಡಿಯೇಟರಿನ ಅಳತೆಗೆ ಸರಿಯಾಗಿ ಒಂದು ಪೆಟ್ಟಿಗೆಯಂತೆ ಬಗ್ಗಿಸಿ, ಮುಖದಲ್ಲಿ ಫ್ಯಾನಿನ ವ್ಯಾಸಕ್ಕಿಂತ 25 ಮಿ.ಮೀ. ಹೆಚ್ಚಿನ ದುಂಡು ರಂಧ್ರ ಕತ್ತರಿಸಿ. ಹೀಗೆ ರೆಕ್ಕೆಯ ತುದಿಗೂ ತಗಡಿಗೂ ಸುತ್ತಲೂ ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ರಂಧ್ರದ ಅಂಚಿಗೆ 40 ಮಿ.ಮೀ. ಪಟ್ಟಿಯ ಬಳೆ ಕೂರಿಸಿ. ಫ್ಯಾನಿನ ರೆಕ್ಕೆಯ ಅಗಲದಲ್ಲಿ ಅರ್ಧ ಬಳೆಯ ಒಳಗೆ, ಅರ್ಧ ಹೊರಗೆ ಇರಲಿ. ರೆಕ್ಕೆಗೂ ರೇಡಿಯೇಟರಿನ ಎದೆಗೂ 40ರಿಂದ 50 ಮಿ.ಮೀ. ಅಂತರ ಬೇಕು. ಕವಚ ರೇಡಿಯೇಟರನ್ನು ಮುಟ್ಟುವಲ್ಲೆಲ್ಲ ಹಳೆಯ ಟ್ಯೂಬಿನ ಪಟ್ಟಿ ಕೊಟ್ಟು ಸಂದು ಮುಚ್ಚಿ. ಒಂದು ಎಚ್ಚರಿಕೆ: ಕಲಾಯಿ ತಗಡನ್ನು ಬೆಂಕಿಯಿಂದ ಬೆಸೆಯುವಾಗ ಬರುವ ಬಿಳಿ ಹೊಗೆ ಚಳಿಜ್ವರ ತರುತ್ತದೆ. ಕಲಾಯಿ ತಗಡಾದರೆ ರಿವೆಟ್ ಹೊಡೆಯಿರಿ.

ಫ್ಯಾನು ಎತ್ತ ಗಾಳಿ ಹಾಕುತ್ತದೆ ಎಂಬುದನ್ನು ಊಹೆಗೆ ಬಿಡಬೇಡಿ. ಎಂಜಿನ್ನನ್ನು ತಿರುಗಿಸಿ ಕೂರಿಸಿದಾಗ, ಬೆಲ್ಟಿನ ಬದಿ ಬದಲಾದಾಗ ಫ್ಯಾನು ಉಲ್ಟಾ ತಿರುಗಬಹುದು. ರೇಡಿಯೇಟರಿನ ಹೊರಮುಖಕ್ಕೆ ವೃತ್ತಪತ್ರಿಕೆಯ ಹಾಳೆಯೊಂದನ್ನು ಹಿಡಿಯಿರಿ. ಅದು ಎದೆಗೆ ಅಂಟಿಕೊಂಡು ನಿಂತರೆ ಗಾಳಿ ಒಳಗೆ ಬರುತ್ತಿದೆ. ನಾಲ್ಕೂ ಮೂಲೆಯಲ್ಲಿ ಅಂಟಿದರೆ ಕವಚವೂ ಸರಿಯಿದೆ.

ವೇಗದ ವಿಚಾರವನ್ನೂ ಹೇಳಿಬಿಡುತ್ತೇನೆ. ಬೆಲ್ಟಿನಿಂದ ಓಡುತ್ತಿದ್ದ ಹಳೆಯ ಕಾರಿನ ಫ್ಯಾನು ಹೆಚ್ಚು ಸುತ್ತು ತಿರುಗುವ ಎಂಜಿನ್ನಿಗೆ ಮಾಡಿದ್ದು. ನಮ್ಮ ಎಂಜಿನ್ನಿನ 1,500 ಸುತ್ತಿಗೆ ನೇರ ಜೋಡಿಸಿದರೆ ಗಾಳಿ ಸಾಲದು. ರಾಟೆಗಳ ಅಳತೆ ಬದಲಿಸಿ ಒಂದೂವರೆಯಿಂದ ಎರಡು ಪಟ್ಟು ತಿರುಗಿಸಬಹುದು. ಆದರೆ ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುತ್ತದೆ, ಫ್ಯಾನು ತಿನ್ನುವ ಶಕ್ತಿ ಮಾತ್ರ ಎಂಟು ಪಟ್ಟಾಗುತ್ತದೆ. ಆದ್ದರಿಂದ ಮೊದಲು ಕವಚ, ಆಮೇಲೆ ವೇಗ. ತಗಡು ಕತ್ತರಿಸಿ ನೀವೇ ರೆಕ್ಕೆ ಬೆಸೆಯುವುದು ಬೇಡವೇ ಬೇಡ. ಆ ವೇಗದಲ್ಲಿ ಬಿಟ್ಟುಹೋದ ರೆಕ್ಕೆ ಕೊಡಲಿಯಂತೆ ಹಾರುತ್ತದೆ. ವಿದ್ಯುತ್ ಫ್ಯಾನಿನ ರೇಡಿಯೇಟರ್ ತಂದವರು ಬ್ಯಾಟರಿ, ಅದನ್ನು ತುಂಬುವ ಆಲ್ಟರ್ನೇಟರ್ ಎರಡನ್ನೂ ಒದಗಿಸಬೇಕಾಗುತ್ತದೆ. ಪಂಪ್‌ಸೆಟ್ ಎಂಜಿನ್ನಿನಲ್ಲಿ ಅವಿಲ್ಲವಾದ್ದರಿಂದ ಬೆಲ್ಟಿನ ಫ್ಯಾನೇ ಅನುಕೂಲ.

ರೇಡಿಯೇಟರ್ ಗಾಡಿಯ ಮುಂಭಾಗದಲ್ಲಿರಲಿ, ಸಿಂಪರಣೆಯ ನಳಿಕೆಗಳು ಹಿಂಭಾಗದಲ್ಲಿರಲಿ. ಸೈಲೆನ್ಸರಿನ ಬಾಯಿ ಬೇರೆ ಕಡೆಗೆ ತಿರುಗಿರಲಿ. ಹೀಗಿದ್ದರೂ ದ್ರಾಕ್ಷಿಯ ಒಣ ಎಲೆ, ಔಷಧಿಯ ಮಂಜು, ಧೂಳು ಮೂರೂ ಸೇರಿ ರೆಕ್ಕೆಗಳ ನಡುವೆ ಗಾರೆಯಂತೆ ಕಟ್ಟುತ್ತವೆ. ಸಿಂಪರಣೆ ಮುಗಿದ ಸಂಜೆ ಎಂಜಿನ್ ಆರಿದ ಮೇಲೆ, ಫ್ಯಾನಿನ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಹಾಯಿಸಿ ತೊಳೆಯತಕ್ಕದ್ದು. ಸಿಂಪರಣಾ ಪಂಪಿನ ಪೂರ್ಣ ಒತ್ತಡದಲ್ಲಿ ಹೊಡೆದರೆ ರೆಕ್ಕೆಗಳು ಮಲಗಿಬಿಡುತ್ತವೆ.

ನೀರಿನ ದಾರಿ

ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಈ ಒಂದೇ ಗುಣವನ್ನು ನಂಬಿ, ಪಂಪಿಲ್ಲದೆ ತಂಪು ಮಾಡುವ ವಿಧಾನಕ್ಕೆ ಥರ್ಮೋಸೈಫನ್ ಎನ್ನುತ್ತಾರೆ. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಕಾರುಗಳಲ್ಲಿ ಮೊದಮೊದಲಿನ ಕೆಲವನ್ನು ಬಿಟ್ಟರೆ ನೀರಿನ ಪಂಪು ಇರಲಿಲ್ಲ. ಒಂದೂವರೆ ಕೋಟಿ ಕಾರುಗಳು ಹೀಗೆಯೇ ಓಡಿದವು. ಆದರೆ ಇದಕ್ಕೆ ರೇಡಿಯೇಟರ್ ಎತ್ತರದಲ್ಲಿರಬೇಕು, ಕೊಳವೆ ಒಂದೂವರೆ ಅಂಗುಲಕ್ಕಿಂತ ಕಡಮೆಯಿರಬಾರದು, ಎಂಜಿನ್ನಿನಿಂದ ಮೇಲಕ್ಕೆ ಎಲ್ಲಿಯೂ ತಗ್ಗದೆ ಏರುತ್ತ ಹೋಗಬೇಕು, ನೀರಿನ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಸದಾ ಮೇಲಿರಬೇಕು. ಬಾವಿ ಎಂಜಿನ್ನುಗಳಲ್ಲಿ ನೀರಿನ ಬಾಯಿಗಳು ಪಂಪಿನ ಒತ್ತಡಕ್ಕೆಂದು ಚಿಕ್ಕದಾಗಿಯೇ ಮಾಡಿರುತ್ತಾರೆ. ಅಂಥವಕ್ಕೆ ಬೆಲ್ಟಿನಿಂದ ಓಡುವ ಒಂದು ಸಣ್ಣ ಪಂಪನ್ನು ಜೋಡಿಸುವುದೇ ಲೇಸು. ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುತ್ತಿಸಿದರೆ ಸಾಕು. ನೀರು ಎಂಜಿನ್ನಿಗೆ ಕೆಳಗಿನಿಂದ ಪ್ರವೇಶಿಸಿ ಸಿಲಿಂಡರ್ ಹೆಡ್ಡಿನಿಂದ ಹೊರಬರಬೇಕು. ತಿರುಗುಮುರುಗು ಜೋಡಿಸಿದರೆ ಹೆಡ್ಡಿನಲ್ಲಿ ಹಬೆ ಸಿಕ್ಕಿಕೊಳ್ಳುತ್ತದೆ.

ಗಾಳಿಗುಳ್ಳೆಯೇ ಇಲ್ಲಿ ದೊಡ್ಡ ಶತ್ರು. ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಎರಡು ಲೀಟರ್ ಹಿಡಿಯುವ ಸಣ್ಣ ತೊಟ್ಟಿಯೊಂದನ್ನು 16 ಗೇಜಿನ ಕಬ್ಬಿಣದ ತಗಡಿನಲ್ಲಿ ಮಾಡಿ, ಮುಚ್ಚಳದ ಕುತ್ತಿಗೆಯನ್ನು ಕೆಟ್ಟ ರೇಡಿಯೇಟರಿನಿಂದ ಕತ್ತರಿಸಿ ಅದಕ್ಕೆ ಹಿತ್ತಾಳೆ ಬೆಸುಗೆ ಹಾಕಿ. ಹೆಡ್ಡಿನ ಮೇಲ್ತುದಿಯಿಂದಲೂ ರೇಡಿಯೇಟರಿನ ಮೇಲ್ತುದಿಯಿಂದಲೂ ಸಣ್ಣ ಕೊಳವೆಗಳು ಈ ತೊಟ್ಟಿಗೆ ಬರಲಿ, ತೊಟ್ಟಿಯ ತಳದಿಂದ ಒಂದು ಕೊಳವೆ ಪಂಪಿನ ಹೀರುವ ಬದಿಗೆ ಇಳಿಯಲಿ. ಗಾಳಿ ತಾನಾಗಿಯೇ ಮೇಲೆ ಬಂದು ಸೇರುತ್ತದೆ.

ಹೋಸುಗಳ ವಿಷಯದಲ್ಲಿ ಉಳಿತಾಯ ಮಾಡಬೇಡಿ. ತೋಟದ ಪಿ.ವಿ.ಸಿ. ಕೊಳವೆ, ಹನಿ ನೀರಾವರಿಯ ಕಪ್ಪು ಕೊಳವೆ ಬಿಸಿನೀರಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತವೆ. ನೂಲು ಹೆಣೆದ ರೇಡಿಯೇಟರ್ ಹೋಸನ್ನೇ ಹಾಕಿ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇದ್ದರೆ ಅದನ್ನು ಕಿತ್ತೆಸೆಯಬೇಡಿ. ಪಂಪು ಜೋರಾಗಿ ಹೀರುವಾಗ ಹೋಸು ಚಪ್ಪಟೆಯಾಗದಂತೆ ಅದು ತಡೆಯುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ ಎಷ್ಟು ಕುಣಿಯುತ್ತದೆಂಬುದು ತಮಗೆಲ್ಲ ತಿಳಿದದ್ದೇ. ರೇಡಿಯೇಟರನ್ನು ಚೌಕಟ್ಟಿಗೆ ನೇರವಾಗಿ ಬೋಲ್ಟ್ ಮಾಡಿದರೆ ಬೆಸುಗೆ ಒಂದು ಹಂಗಾಮನ್ನೂ ಕಾಣುವುದಿಲ್ಲ. ಕೆಳಗೆ ಎರಡು ಕಡೆ ಹಳೆಯ ಟೈರಿನ ದಪ್ಪ ರಬ್ಬರ್ ಇಟ್ಟು ಕೂರಿಸಿ, ಮೇಲೆ ರಬ್ಬರ್ ಬುಷ್ ಹಾಕಿದ ಒಂದು ಕಡ್ಡಿಯಿಂದ ಹಿಡಿದುಕೊಳ್ಳುವಂತೆ ಮಾಡಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿ.ಮೀ. ಬಗ್ಗುವಷ್ಟು ಬಿಗಿ ಸಾಕು.

ಕಾರಿನ ಅಥವಾ ಬೇರೆ ವಾಹನದ ಎಂಜಿನ್ ಹಾಕಿದವರಿಗೆ ಥರ್ಮೋಸ್ಟ್ಯಾಟ್ ಬಗ್ಗೆ ಒಂದು ಮಾತು. “ಅದನ್ನು ತೆಗೆದುಬಿಡಿ, ತಂಪಾಗುತ್ತದೆ” ಎಂಬ ಸಲಹೆ ಎಲ್ಲ ವರ್ಕ್‌ಶಾಪುಗಳಲ್ಲೂ ಸಿಗುತ್ತದೆ. ಎಂಜಿನ್ ತಣ್ಣಗೆ ಓಡುವುದೂ ರೋಗವೇ. ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಂತೂ ಅದನ್ನು ತೆಗೆದರೆ ಅಡ್ಡದಾರಿ ತೆರೆದುಕೊಂಡು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಇನ್ನೂ ಹೆಚ್ಚು ಕಾಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ. ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ, ಮೇಲೆ ಅಚ್ಚಾಗಿರುವ ಡಿಗ್ರಿಗೆ ಬಾಯಿ ಬಿಡುವುದೋ ಇಲ್ಲವೋ ನೋಡಿದರೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ತಿಳಿಯುತ್ತದೆ.

ಯಾವ ನೀರು ಹಾಕಬೇಕು?

ಕೊಳವೆ ಬಾವಿಯ ಗಡಸು ನೀರು ಕಾದಾಗ ಸುಣ್ಣದಂಥ ಪದರ ಕಟ್ಟುತ್ತದೆಂಬುದನ್ನು ನಿಮ್ಮ ಮನೆಯ ಹಂಡೆಯೇ ತೋರಿಸುತ್ತದೆ. ಸಿಲಿಂಡರಿನ ಸುತ್ತ ಕೂತ ಒಂದು ಮಿ.ಮೀ. ಪದರ, ಶಾಖವನ್ನು ತಡೆಯುವುದರಲ್ಲಿ 25 ಮಿ.ಮೀ.ಗೂ ಮಿಕ್ಕಿದ ಬೀಡು ಕಬ್ಬಿಣದ ಗೋಡೆಗೆ ಸಮ. ಹೊರಗೆ ನೀರು ಬೆಚ್ಚಗೆ ಮಾತ್ರ ಇರುತ್ತದೆ, ಒಳಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಂಚಿನ ಅಥವಾ ತಾರಸಿಯ ಮೇಲಿನಿಂದ ಬಟ್ಟೆಯಲ್ಲಿ ಸೋಸಿ ಹಿಡಿದ ಮಳೆನೀರು, ಇಲ್ಲವೇ ಬ್ಯಾಟರಿಗೆ ಹಾಕುವ ಶುದ್ಧ ನೀರು ಉತ್ತಮ. ಇಡೀ ವ್ಯವಸ್ಥೆಗೆ ಬೇಕಾಗುವುದು ಆರೇಳು ಲೀಟರ್ ಮಾತ್ರ. ಇಷ್ಟಕ್ಕೆ ಜಿಪುಣತನ ಬೇಡ.

ಬರಿಯ ಮಳೆನೀರು ತುಕ್ಕು ಹಿಡಿಸುತ್ತದೆ. ಆದುದರಿಂದ ಅಂಗಡಿಯಲ್ಲಿ ಸಿಗುವ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕ. ಒಂದು ವಿಷಯವನ್ನು ಮಾತ್ರ ಮನೆಯವರಿಗೆಲ್ಲ ಹೇಳಿಡಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಬದಲಾಯಿಸಿದ ನೀರನ್ನು ಬೋಗುಣಿಯಲ್ಲಿ ಬಿಟ್ಟರೆ ನಾಯಿ ಕುಡಿಯುತ್ತದೆ, ಕರು ಕುಡಿಯುತ್ತದೆ, ಮಗುವೂ ಕುಡಿಯಬಹುದು. ಮುಚ್ಚಳವಿರುವ ಡಬ್ಬಿಗೆ ತುಂಬಿಟ್ಟು, ಪಟ್ಟಣಕ್ಕೆ ಹೋದಾಗ ಹಳೆಯ ಎಂಜಿನ್ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮೋರಿಗೂ ಬಾವಿಯ ಬಳಿಗೂ ಚೆಲ್ಲಬೇಡಿ.

ಈಗಾಗಲೇ ಪದರ ಕಟ್ಟಿರುವ ಎಂಜಿನ್ನಿಗೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ತುಂಬಿ, ಒಂದು ಗಂಟೆ ಹೊರೆಯಿಲ್ಲದೆ ಓಡಿಸಿ, ಆರಿದ ಮೇಲೆ ಬಸಿದು ಎರಡು ಮೂರು ಬಾರಿ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಬೀಡು ಕಬ್ಬಿಣ, ತಾಮ್ರ, ಹಿತ್ತಾಳೆಗೆ ಇದು ನಡೆಯುತ್ತದೆ. ಅಲ್ಯೂಮಿನಿಯಂ ರೇಡಿಯೇಟರಿದ್ದರೆ ಅದನ್ನು ಕಳಚಿಟ್ಟು ಎಂಜಿನ್ನಿಗೆ ಮಾತ್ರ ಮಾಡಿ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಅದು ಪದರದ ಜೊತೆಗೆ ಬೆಸುಗೆಯನ್ನೂ ತಿನ್ನುತ್ತದೆ.

ಚಳಿಗಾಲದಲ್ಲೇ ಬೇಸಿಗೆಯ ಪರೀಕ್ಷೆ

ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ನೀರು 100 ಡಿಗ್ರಿಗೆ ಕಾಯುವುದಿಲ್ಲ, 97ಕ್ಕೇ ಕುದಿಯುತ್ತದೆ. ಚದರ ಸೆಂ.ಮೀ.ಗೆ ಅರ್ಧ ಕಿಲೋ ಒತ್ತಡದ ಮುಚ್ಚಳ ಹಾಕಿದರೆ ಕುದಿಯುವ ಬಿಂದು ಸುಮಾರು 10 ಡಿಗ್ರಿ ಮೇಲೇರುತ್ತದೆ. ಹಳೆಯ ಬೆಸುಗೆಯ ರೇಡಿಯೇಟರಿಗೆ ಅದಕ್ಕಿಂತ ಬಲವಾದ ಮುಚ್ಚಳ ಬೇಡ.

ವ್ಯವಸ್ಥೆ ಸಾಕೋ ಸಾಲದೋ ಎಂದು ತಿಳಿಯಲು ಏಪ್ರಿಲ್ ತಿಂಗಳವರೆಗೆ ಕಾಯಬೇಕಾಗಿಲ್ಲ. ಪೂರ್ಣ ಹೊರೆಯಲ್ಲಿ ಒಂದು ಗಂಟೆ ಓಡಿಸಿ, ಮೇಲಿನ ಹೋಸಿನಲ್ಲಿ ಕೂರಿಸಿದ ಗೇಜಿನಲ್ಲಿ ನೀರಿನ ಉಷ್ಣತೆ ನೋಡಿ, ನೆರಳಿನಲ್ಲಿ ಗಾಳಿಯ ಉಷ್ಣತೆ ನೋಡಿ, ಎರಡನ್ನೂ ಕಳೆಯಿರಿ. ಈ ವ್ಯತ್ಯಾಸ ಚಳಿಯಲ್ಲಿಯೂ ಬೇಸಿಗೆಯಲ್ಲಿಯೂ ಹೆಚ್ಚುಕಡಮೆ ಒಂದೇ ಇರುತ್ತದೆ. ಡಿಸೆಂಬರಿನಲ್ಲಿ ಗಾಳಿ 26, ನೀರು 86 ಎಂದುಕೊಳ್ಳಿ, ವ್ಯತ್ಯಾಸ 60. ಏಪ್ರಿಲಿನಲ್ಲಿ ಗಾಳಿ 37 ಆದ ದಿನ ನೀರು 97 ಆಗುತ್ತದೆ, ಅಂದರೆ ದೊಡ್ಡಬಳ್ಳಾಪುರದಲ್ಲಿ ತೆರೆದ ನೀರು ಕುದಿಯುವ ಬಿಂದುವಿಗೆ ಸರಿಯಾಗಿ. ಇಂಥ ಗಾಡಿಯನ್ನು ಡಿಸೆಂಬರಿನಲ್ಲೇ ತಿದ್ದಬೇಕು. ವ್ಯತ್ಯಾಸ 45ರ ಒಳಗಿದ್ದರೆ ನಿಶ್ಚಿಂತೆಯಿಂದ ಇರಬಹುದು. ಥರ್ಮೋಸ್ಟ್ಯಾಟ್ ಇರುವ ಎಂಜಿನ್ನಿನಲ್ಲಿ ಅದು ಪೂರ್ತಿ ತೆರೆದಿರುವಾಗ, ಅಂದರೆ ಅಚ್ಚಾದ ಡಿಗ್ರಿಗಿಂತ ಹತ್ತು ಡಿಗ್ರಿ ಮೇಲಿರುವಾಗ ಮಾತ್ರ ಈ ಲೆಕ್ಕ ಸರಿಹೊಂದುತ್ತದೆ. ಈ ಅಂಕಿಗಳನ್ನು ಗಾಡಿಯ ಮೇಲೆಯೇ ಬಣ್ಣದಲ್ಲಿ ಬರೆದಿಡಿ. ಮುಂದಿನ ವರ್ಷ 45 ಇದ್ದದ್ದು 55 ಆದರೆ ಎಲ್ಲೋ ಕಟ್ಟಿಕೊಂಡಿದೆ ಎಂದು, ಕುದಿಯುವ ಮೊದಲೇ ತಿಳಿಯುತ್ತದೆ.

ಎಷ್ಟೇ ಮಾಡಿದರೂ ಎಂದಾದರೂ ಒಂದು ದಿನ ಕುದಿಯಬಹುದು. ಆಗ ಹೊರೆ ತೆಗೆದು ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಟ್ಟು ನಿಲ್ಲಿಸಿ. ಹೋಸು ಒಡೆದು ನೀರೆಲ್ಲ ಚೆಲ್ಲಿದ್ದರೆ ಕೂಡಲೇ ನಿಲ್ಲಿಸಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಸೀಳುತ್ತದೆ. ಮುಚ್ಚಳವನ್ನು ಗೋಣಿಚೀಲ ಹಿಡಿದು ತಿರುಗಿಸುವ ಅಭ್ಯಾಸ ಬಹಳ ಜನರಿಗಿದೆ. ಒಳಗಿನ ನೀರು ಒತ್ತಡದಲ್ಲಿದ್ದು ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣವೇ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದುಕೊಳ್ಳುವಷ್ಟು ತಣಿಯುವವರೆಗೆ ಮುಚ್ಚಳ ಮುಟ್ಟಬಾರದು. ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಬಹುದು, ಕಾಯಬೇಕು. ಫ್ಯಾನಿಗೂ ಬೆಲ್ಟಿಗೂ ತಂತಿಬಲೆಯ ಕಾವಲು ಹಾಕಿ. ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಸೆರಗು, ನಮ್ಮ ಹೆಗಲ ಮೇಲಿನ ಟವಲು ಎರಡಕ್ಕೂ ಅದು ಒಂದೇ ಅಪಾಯ.

ಕೊನೆಯದಾಗಿ, ವಿಸ್ತರಣಾ ಕಾರ್ಯಕರ್ತರು ರೈತರಿಗೆ ತಪ್ಪದೆ ತಿಳಿಸಬೇಕಾದ ಸಂಗತಿ. 1988ರ ಮೋಟಾರು ವಾಹನ ಕಾಯ್ದೆಯ 39ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಉತ್ತರ ಭಾರತದಲ್ಲಿ ಪಂಪ್‌ಸೆಟ್ ಎಂಜಿನ್ನಿನಿಂದ ಕಟ್ಟುವ ‘ಜುಗಾಡ್’ ಗಾಡಿಯೂ ಈ ಕಾಯ್ದೆಯ ಅರ್ಥದಲ್ಲಿ ಮೋಟಾರು ವಾಹನವೇ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿದೆ. ಆದ್ದರಿಂದ ಈ ಗಾಡಿ ನಿಮ್ಮ ತೋಟದ ಬೇಲಿಯೊಳಗೆ ಮಾತ್ರ. ದ್ರಾಕ್ಷಿ ಪೆಟ್ಟಿಗೆ ತುಂಬಿಕೊಂಡು ಹೆದ್ದಾರಿಗೆ ಇಳಿದು ಅಪಘಾತವಾದರೆ ವಿಮೆಯೂ ಇರುವುದಿಲ್ಲ, ಪರಿಹಾರದ ಹೊಣೆ ಜಮೀನಿನ ಮೇಲೆ ಬರುತ್ತದೆ.

ಹೊರಗೆ ಹೊಂಗೆಮರದ ಕೆಳಗೆ ಒಂದು ಗಾಡಿಯನ್ನು ನಿಲ್ಲಿಸಿದ್ದೇವೆ. ಅದಕ್ಕೆ ಕವಚ ಕೂರಿಸಿಲ್ಲ. ಮೊದಲು ಹಾಗೆಯೇ ಅರ್ಧ ಗಂಟೆ ಓಡಿಸಿ ಅಂಕಿ ಬರೆದುಕೊಳ್ಳೋಣ, ಆಮೇಲೆ ಕವಚ ಕಟ್ಟಿ ಮತ್ತೆ ಓಡಿಸೋಣ. ಉಷ್ಣಮಾಪಕಗಳು ಎರಡಿವೆ, ಓದುವುದಕ್ಕೆ ಇಬ್ಬರು ಮುಂದೆ ಬನ್ನಿ.